ಜಗ್ಗದ ಶುಗರ್: ಡೋಸ್ ಏರಿಸುವ ಮುನ್ನ ಏನೇನು ನೋಡಬೇಕು?

ಹದಿನೈದು ವರ್ಷದ ಮಧುಮೇಹ, ಎರಡು ಮೂರು ಬಗೆಯ ಮಾತ್ರೆ, ಜೊತೆಗೆ ಇನ್ಸುಲಿನ್. ಆದರೂ ಬೆಳಗಿನ ಶುಗರ್ 200ರಿಂದ ಇಳಿಯುತ್ತಿಲ್ಲ. ವರ್ಷ ಕಳೆದಂತೆ ಮೇದೋಜೀರಕ ಗ್ರಂಥಿ ಸೊರಗುವುದು ನಿಜ, ಡೋಸ್ ಏರಿಸಬೇಕಾಗಿಯೂ ಬರಬಹುದು. ಆದರೆ ಶುಗರ್ ಯಾವ ಹೊತ್ತಿನಲ್ಲಿ ಏರುತ್ತಿದೆ ಎಂಬುದು ಮೊದಲು ಗೊತ್ತಾಗಬೇಕು.

ಮೂರು ದಿನ ರಾತ್ರಿ ಮಲಗುವಾಗ, ನಸುಕಿನ 3 ಗಂಟೆಗೆ, ಎದ್ದ ಕೂಡಲೇ ಗ್ಲುಕೋಮೀಟರ್‌ನಲ್ಲಿ ನೋಡಿ ಬರೆದಿಡಿ. ಕೈಯನ್ನು ಸೋಪು ಹಚ್ಚಿ ತೊಳೆದು ಒರೆಸಿಕೊಳ್ಳಿ. ಬಾಳೆಹಣ್ಣು ಸುಲಿದ ಬೆರಳು ಸುಳ್ಳು ಲೆಕ್ಕ ಕೊಡುತ್ತದೆ. ಮಲಗುವಾಗಲೇ 220 ಇದ್ದರೆ ತಪ್ಪು ಹೆಚ್ಚಾಗಿ ರಾತ್ರಿಯೂಟದ್ದು. ಮಲಗುವಾಗಲೂ 3 ಗಂಟೆಗೂ 140 ಇದ್ದು ಬೆಳಿಗ್ಗೆ 200 ಆದರೆ, ನಸುಕಿನ ಹಾರ್ಮೋನುಗಳ ಒತ್ತಡಕ್ಕೆ ಯಕೃತ್ತು ಸಕ್ಕರೆ ಬಿಡುತ್ತಿದೆ. ರಾತ್ರಿ ಉಪವಾಸ ಮಾಡಿದರೆ ಇದು ಹೋಗದು, ಔಷಧದ ಹೊತ್ತನ್ನೋ ಬಗೆಯನ್ನೋ ವೈದ್ಯರು ಬದಲಿಸಬೇಕು. 3 ಗಂಟೆಗೆ 70ಕ್ಕಿಂತ ಕೆಳಗಿದ್ದರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಬೆಳಗಾಗುತ್ತಲೇ ವೈದ್ಯರಿಗೆ ತಿಳಿಸಿ. ಅಂಥವರಿಗೆ ಡೋಸ್ ಏರಿಸುವುದು ಅಪಾಯ.

ಇನ್ನು ಸೂಜಿ. ಹೆಚ್ಚಿನ ಎಡವಟ್ಟು ಇಲ್ಲೇ.

ನಮ್ಮಲ್ಲಿ ಬಾಟಲಿ ಇನ್ಸುಲಿನ್ ಬಹುಪಾಲು ಮಿಲಿಲೀಟರಿಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನದು ಸಾಮಾನ್ಯವಾಗಿ 100 ಯೂನಿಟ್‌ನದು. 40ರ ಬಾಟಲಿಗೆ 100ರ ಸಿರಿಂಜ್ ಹಾಕಿ 10ರ ಗೆರೆಯವರೆಗೆ ಎಳೆದರೆ ಮೈಗೆ ಸೇರುವುದು ನಾಲ್ಕೇ ಯೂನಿಟ್. ಅದಲು ಬದಲಾದರೆ 25! ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಒಂದೇ ಇರಬೇಕು.

30/70ರಂಥ, ಎರಡು ಬಗೆ ಬೆರೆಸಿದ ಬೆಳ್ಳಗಿನ ಇನ್ಸುಲಿನ್ನನ್ನು ಅಂಗೈಗಳ ನಡುವೆ ಹತ್ತು ಸಲ ಹೊರಳಿಸಿ, ಹತ್ತು ಸಲ ಮೇಲೆ ಕೆಳಗೆ ಮಾಡಿ. ಜೋರಾಗಿ ಕುಲುಕಬೇಡಿ. ಪೆನ್ನಾದರೆ ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು ಹನಿ ಬಂತೇ ನೋಡಿ. ಚುಚ್ಚಿ ಒತ್ತಿದ ಮೇಲೆ ಹತ್ತರವರೆಗೆ ಎಣಿಸಿಯೇ ಸೂಜಿ ತೆಗೆಯಿರಿ.

ಹೊಟ್ಟೆಯ ಮೇಲೆ ಬೆರಳಾಡಿಸಿ. ರಬ್ಬರಿನಂಥ ಗಂಟು ಸಿಕ್ಕಿತೇ? ನೋವಾಗದೆಂದು ಅಲ್ಲಲ್ಲೇ ಚುಚ್ಚಿದ್ದರ ಫಲ. ಅಲ್ಲಿ ಹಾಕಿದ ಇನ್ಸುಲಿನ್ ಒಂದು ದಿನ ಮೈಗೆ ಸರಿಯಾಗಿ ಸೇರುತ್ತದೆ, ಒಂದು ದಿನ ಸೇರುವುದಿಲ್ಲ. ಹೊಕ್ಕಳಿಂದ ಎರಡು ಬೆರಳು ದೂರ ಬಿಟ್ಟು, ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಂಡು ವಾರಕ್ಕೊಂದು ಭಾಗ ಬಳಸಿ. ಆದರೆ ಗಂಟು ಬಿಟ್ಟು ಒಳ್ಳೆಯ ಚರ್ಮಕ್ಕೆ ಬಂದಾಗ ಅದೇ ಡೋಸ್ ಹೆಚ್ಚಾಗಿ ಶುಗರ್ ಕುಸಿಯಬಹುದು, ವೈದ್ಯರನ್ನು ಕೇಳಿಯೇ ಜಾಗ ಬದಲಿಸಿ.

ಊಟದ ವಿಷಯ ಎಲ್ಲರಿಗೂ ಗೊತ್ತು, ಒಂದನ್ನು ಬಿಟ್ಟು: ರಾಗಿ ಮುದ್ದೆಗೂ ಲೆಕ್ಕವಿದೆ. ಅನ್ನ ಬಿಟ್ಟು ಎರಡು ಮುದ್ದೆ ನುಂಗಿದರೆ ಶುಗರ್ ಇಳಿಯದು. ಕಾಳಿನ ಪಲ್ಯ, ಸೊಪ್ಪು ಮೊದಲು ತಿಂದು ಆಮೇಲೆ ಒಂದು ಸಣ್ಣ ಮುದ್ದೆ ಸಾಕು. ಉಂಡ ಮೇಲೆ 15 ನಿಮಿಷ ನಡೆಯಿರಿ.

ಎಲ್ಲ ಸರಿಯಿದ್ದೂ ಇದ್ದಕ್ಕಿದ್ದಂತೆ ಏರಿದರೆ ಮಂಡಿಗೆ ಹಾಕಿಸಿಕೊಂಡ ಸ್ಟೀರಾಯ್ಡ್ ಇಂಜೆಕ್ಷನ್, ಹಲ್ಲಿನ ಕೀವು, ಉರಿಮೂತ್ರ ನೆನಪಿಸಿಕೊಳ್ಳಿ. 300 ದಾಟಿ ವಾಂತಿ, ಏದುಸಿರು ಇದ್ದರೆ ಮೂರು ದಿನದ ಪಟ್ಟಿ ಬರೆಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ.