ಹದಿಹರೆಯದ ಮಕ್ಕಳ ಹಲ್ಲಿನ ಆರೋಗ್ಯ: ಮನೆಯವರೂ ಗೆಳೆಯರೂ ಬೀರುವ ಪ್ರಭಾವವನ್ನು ನಿಭಾಯಿಸುವುದು ಹೇಗೆ

ಹನ್ನೆರಡು, ಹದಿಮೂರರ ವಯಸ್ಸಿಗೆ ಬರುವಷ್ಟರಲ್ಲಿ ಮಕ್ಕಳ ಹಾಲುಹಲ್ಲುಗಳೆಲ್ಲ ಬಿದ್ದು, ಬುದ್ಧಿಹಲ್ಲುಗಳನ್ನು ಬಿಟ್ಟು ಉಳಿದ 28 ಶಾಶ್ವತ ಹಲ್ಲುಗಳು ಬಹುತೇಕ ಬಂದಿರುತ್ತವೆ. ಇವುಗಳಲ್ಲಿ ಕೊನೆಗೆ ಬರುವ ಎರಡನೆಯ ದವಡೆ ಹಲ್ಲುಗಳ ಹೊರಪದರ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲವಾದ್ದರಿಂದ ಅವು ಬೇಗ ಹುಳುಕಾಗುತ್ತವೆ. ಪ್ರಾಯಕ್ಕೆ ಬರುವಾಗ ದೇಹದಲ್ಲಾಗುವ ಹಾರ್ಮೋನುಗಳ ಏರುಪೇರಿನಿಂದ, ಸ್ವಲ್ಪ ಕೊಳೆ ಕಟ್ಟಿದರೂ ವಸಡು ಊದಿಕೊಂಡು ರಕ್ತ ಒಸರುವುದುಂಟು. ಆದರೆ ‘ಇನ್ನು ದೊಡ್ಡವನಾದ, ತಾನೇ ನೋಡಿಕೊಳ್ಳುತ್ತಾನೆ’ ಎಂದು ಮನೆಯವರು ಕೈಬಿಡುವುದೂ, ಮನೆಯವರಿಗಿಂತ ಗೆಳೆಯರ ಮಾತು ಹೆಚ್ಚಾಗುವುದೂ ಇದೇ ವಯಸ್ಸಿನಲ್ಲಿ. ಹಲ್ಲುಜ್ಜು ಎಂದು ದಿನವೂ ಗದರುವುದರಿಂದ ಈ ವಯಸ್ಸಿನವರಲ್ಲಿ ಏನೂ ಬದಲಾಗುವುದಿಲ್ಲ. ಮನೆಯ ದಿನಚರಿ, ದಿನಸಿಯ ಚೀಟಿ, ಹಿರಿಯರ ಅಭ್ಯಾಸ, ನಾವು ಆಡುವ ಮಾತು ಇವು ಬದಲಾದರೆ ಬಹಳಷ್ಟು ಬದಲಾಗುತ್ತದೆ. ಹೆತ್ತವರು, ಅಜ್ಜ ಅಜ್ಜಿಯರು, ಹಾಸ್ಟೆಲ್ ವಾರ್ಡನ್‌ಗಳು ಮತ್ತು ಶಿಕ್ಷಕರು ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ರಾತ್ರಿ ಹಲ್ಲುಜ್ಜುವುದನ್ನು ಮನೆಯ ಪದ್ಧತಿಯಾಗಿಸಿ

ನಮ್ಮ ಮನೆಗಳಲ್ಲಿ ಬೆಳಿಗ್ಗೆ ಹಲ್ಲುಜ್ಜದೆ ಕಾಫಿ ಕೊಡುವುದಿಲ್ಲ. ಮುಖ ತೊಳೆಯದೆ ಅಡುಗೆಮನೆಗೆ ಬಂದರೆ ಅಜ್ಜಿ ಸುಮ್ಮನಿರುವುದಿಲ್ಲ. ಹೀಗೆ ಬೆಳಗಿನ ಹಲ್ಲುಜ್ಜುವಿಕೆಗೆ ಇಡೀ ಮನೆಯ ಕಟ್ಟುಪಾಡಿನ ಬೆಂಬಲವಿದೆ. ಅದನ್ನು ಮಕ್ಕಳಿಗೆ ಯಾರೂ ಬಿಡಿಸಿ ಹೇಳಿಕೊಟ್ಟಿಲ್ಲ, ಆದರೂ ಅದು ತಪ್ಪುವುದಿಲ್ಲ. ರಾತ್ರಿಯ ಹಲ್ಲುಜ್ಜುವಿಕೆಗೆ ಇಂಥ ಬೆಂಬಲವೇ ಇಲ್ಲ. ಆದರೆ ನಿದ್ದೆಯಲ್ಲಿ ಲಾಲಾರಸ ಒಸರುವುದು ಕಡಿಮೆಯಾಗಿ, ಹಲ್ಲಿನ ಸಂದುಗಳಲ್ಲಿ ಉಳಿದ ಅನ್ನ, ಸಿಹಿ, ಬಿಸ್ಕತ್ತಿನ ಅಂಟಿನಿಂದ ಹುಟ್ಟುವ ಆಮ್ಲವನ್ನು ತೊಳೆಯುವವರಿಲ್ಲದಂತಾಗುವುದು ರಾತ್ರಿಯೇ. ಆದ್ದರಿಂದ ಒಂದೇ ಒಂದು ಬದಲಾವಣೆ ಮಾಡಲು ಸಾಧ್ಯವೆನ್ನುವವರು ಇದನ್ನೇ ಆರಿಸಿಕೊಳ್ಳಲಿ.

ಮಾಡಬೇಕಾದ ಕ್ರಮ ಹೀಗಿದೆ. ಹಲ್ಲುಜ್ಜುವುದನ್ನು ಮಲಗುವ ಹೊತ್ತಿಗೆ ಕಟ್ಟಬೇಡಿ, ರಾತ್ರಿಯ ಊಟಕ್ಕೆ ಕಟ್ಟಿ. ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಕ್ಕಳು ಹನ್ನೊಂದು, ಹನ್ನೆರಡರವರೆಗೆ ಎಚ್ಚರವಿದ್ದು, ಕೊನೆಗೆ ಪುಸ್ತಕದ ಮೇಲೆಯೋ ಮೊಬೈಲಿನ ಮೇಲೆಯೋ ನಿದ್ದೆಹೋಗುತ್ತಾರೆ. ಆ ಹೊತ್ತಿನಲ್ಲಿ ಎದ್ದು ಬಚ್ಚಲಿಗೆ ಹೋಗಲಿ ಎಂದು ನಿರೀಕ್ಷಿಸುವುದು ವ್ಯರ್ಥ. ಊಟ ಮುಗಿದು ಅಡುಗೆಮನೆ ಒರೆಸುವ ವೇಳೆಗೆ ಮನೆಯವರೆಲ್ಲರೂ, ಅಂದರೆ ತಂದೆಯೂ ಸೇರಿ, ಹಲ್ಲುಜ್ಜಬೇಕು. ಆಮೇಲೆ ಕುಡಿಯಲು ನೀರು ಮಾತ್ರ. ಬೂಸ್ಟ್, ಹಾರ್ಲಿಕ್ಸ್ ಬೆರೆಸಿದ ಹಾಲು ಕುಡಿಯುವ ರೂಢಿಯಿದ್ದರೆ ಅದನ್ನು ಊಟದ ಜೊತೆಗೆ ತನ್ನಿ. ತಡರಾತ್ರಿ ಹಸಿವಾದರೆ ಬಿಸ್ಕತ್ತಿಗಿಂತ ಹುರಿದ ಕಡಲೆಬೀಜ ಮೇಲು. ತಿಂದ ಮೇಲೆ ಬಾಯಿ ಮುಕ್ಕಳಿಸಲಿ.

ಮಗ ಅಥವಾ ಮಗಳ ಜೊತೆ ಒಂದೆರಡು ದಿನ ಕನ್ನಡಿಯ ಮುಂದೆ ನಿಂತು ಹಲ್ಲುಜ್ಜಿ ನೋಡಿ. ಹೆಚ್ಚಿನವರು ಬಾಯಿಯನ್ನು ಅಗಲವಾಗಿ ತೆರೆದು ಮುಂದಿನ ಹಲ್ಲುಗಳನ್ನೇ ಬಲವಾಗಿ ಅಡ್ಡಡ್ಡ ಉಜ್ಜುತ್ತಾರೆ. ಬಾಯಿ ಅಗಲವಾದಷ್ಟೂ ಕೆನ್ನೆ ಬಿಗಿದುಕೊಂಡು, ಮೇಲಿನ ಕಡೆಯ ದವಡೆ ಹಲ್ಲಿನ ಹೊರಬದಿಗೆ ಬ್ರಷ್ ಹೋಗಲು ಜಾಗವೇ ಇರುವುದಿಲ್ಲ. ಬಾಯಿಯನ್ನು ಅರ್ಧ ಮುಚ್ಚಿದರೆ ಕೆನ್ನೆ ಸಡಿಲವಾಗಿ ಬ್ರಷ್ ಸಲೀಸಾಗಿ ಹಿಂದಕ್ಕೆ ಹೋಗುತ್ತದೆ. ಮೆತ್ತನೆಯ ಎಳೆಗಳ ಬ್ರಷ್ಷನ್ನು ಹಲ್ಲೂ ವಸಡೂ ಕೂಡುವ ಗೆರೆಗೆ ಓರೆಯಾಗಿ ಹಿಡಿದು, ಹಗುರವಾಗಿ ಆಡಿಸುತ್ತ ಎರಡು ನಿಮಿಷ ಉಜ್ಜಬೇಕು. ಪೇಸ್ಟಿನ ಟ್ಯೂಬಿನ ಮೇಲೆ ಫ್ಲೋರೈಡ್ ಪ್ರಮಾಣ 1000 ಪಿಪಿಎಂ ಅಥವಾ ಅದರ ಆಸುಪಾಸು ಎಂದು ಬರೆದಿದೆಯೇ ನೋಡಿಕೊಳ್ಳಿ. ಉಜ್ಜಿದ ಮೇಲೆ ನೊರೆಯನ್ನು ಉಗುಳಿದರೆ ಸಾಕು. ಚೊಂಬುಗಟ್ಟಲೆ ನೀರಿನಿಂದ ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ಕೊಚ್ಚಿಹೋಗುತ್ತದೆ. ವಸಡಿನಲ್ಲಿ ರಕ್ತ ಬಂತೆಂದು ಆ ಜಾಗವನ್ನು ಬಿಟ್ಟುಬಿಡುವುದು ತಪ್ಪು. ಅಲ್ಲಿಯೇ ಇನ್ನಷ್ಟು ಮೃದುವಾಗಿ, ಗಮನವಿಟ್ಟು ಉಜ್ಜಬೇಕು. ಒಂದೆರಡು ವಾರಗಳಲ್ಲಿ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು ಇವುಗಳಿಂದ ಉಜ್ಜುವ ಹಿರಿಯರು ಮನೆಯಲ್ಲಿದ್ದರೆ ಮಕ್ಕಳೂ ಅದನ್ನೇ ಹಿಡಿಯುತ್ತಾರೆ. ಒರಟು ಪುಡಿಗಳು ಹಲ್ಲಿನ ಹೊರಪದರವನ್ನು ಸವೆಸುತ್ತವೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಅದಕ್ಕಿಂತಲೂ ಅಪಾಯಕಾರಿ ಎಂದರೆ ತಂಬಾಕು ಸುಟ್ಟು ಮಾಡಿದ ಮಿಶ್ರಿಯಂಥ ಪುಡಿಗಳು. ತಂಬಾಕು ಬೆರೆಸಿದ ಹಲ್ಲುಪುಡಿ ಮತ್ತು ಪೇಸ್ಟುಗಳನ್ನು ನಮ್ಮ ದೇಶದಲ್ಲಿ 1992ರಲ್ಲಿಯೇ ನಿಷೇಧಿಸಲಾಗಿದೆ.

ಸಿಹಿಯನ್ನು ಊಟದ ಜೊತೆಗೆ ಸೇರಿಸಿ

ಸಿಹಿ ತಿಂದಾಗಲೆಲ್ಲ ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿಸುತ್ತವೆ. ಬಾಯಿಯ ಪಿಎಚ್ (ಆಮ್ಲೀಯತೆಯ ಅಳತೆ; ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಖನಿಜಾಂಶ ಕರಗತೊಡಗುತ್ತದೆ. ಲಾಲಾರಸ ಅದನ್ನು ಮತ್ತೆ ಸರಿಪಡಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಹಾಗಾಗಿ ಊಟದ ಕೊನೆಗೆ ಒಂದು ಹೋಳಿಗೆ ತಿಂದವನಿಗಿಂತ, ಮಧ್ಯಾಹ್ನವಿಡೀ ಒಂದೊಂದೇ ಚಾಕೊಲೇಟ್ ಬಾಯಿಗೆ ಹಾಕಿಕೊಳ್ಳುವವನ ಹಲ್ಲಿಗೆ ಹಾನಿ ಹೆಚ್ಚು. ಹಬ್ಬದ ಸಿಹಿಯನ್ನು ಮಕ್ಕಳಿಗೆ ತಪ್ಪಿಸಬೇಕಾಗಿಲ್ಲ. ಟ್ಯೂಷನ್ ಮುಗಿಸಿ ಬೇಕರಿಯ ಮುಂದೆ ಗೆಳೆಯರೊಂದಿಗೆ ನಿಲ್ಲುವ ಅರ್ಧ ಗಂಟೆಯ ಕಡೆಗೆ ಗಮನ ಕೊಡಬೇಕು.

ಕೋಲಾದಂಥ ತಂಪು ಪಾನೀಯಗಳಲ್ಲಿ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. 250 ಮಿಲಿಲೀಟರಿನ ಒಂದು ಬಾಟಲಿಯೆಂದರೆ ಐದಾರು ಚಮಚ ಸಕ್ಕರೆಯಾಯಿತು, ಅದರ ಜೊತೆಗೆ ಪಾನೀಯದ ಆಮ್ಲವೂ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ, ಸೇರಿಸಿದ ಸಕ್ಕರೆಯೂ ಜೇನುತುಪ್ಪ, ಹಣ್ಣಿನ ರಸಗಳಲ್ಲಿರುವ ಸಕ್ಕರೆಯೂ ಕೂಡಿ ದಿನದ ಒಟ್ಟು ಕ್ಯಾಲೊರಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದಿದೆ. ಮನೆಯ ಫ್ರಿಜ್ಜಿನಲ್ಲಿ ಎರಡು ಲೀಟರಿನ ಬಾಟಲಿ ತಂದಿಟ್ಟು, ಹೊರಗೆ ಕುಡಿಯಬೇಡ ಎನ್ನುವುದರಲ್ಲಿ ಅರ್ಥವಿಲ್ಲ. ದಿನಸಿಯ ಚೀಟಿಯಿಂದ ಅದನ್ನು ತೆಗೆಯಿರಿ. ಮಜ್ಜಿಗೆ, ಎಳನೀರು, ಬರಿಯ ನೀರು ಕೈಗೆ ಸಿಗುವಂತಿರಲಿ. ಹೊರಗೆ ಗೆಳೆಯರೊಂದಿಗೆ ಕುಡಿಯಲೇಬೇಕಾದಾಗ ಗಂಟೆಗಟ್ಟಲೆ ಗುಟುಕರಿಸದೆ ಒಂದೇ ಸಲಕ್ಕೆ ಮುಗಿಸಿ, ನೀರು ಕುಡಿಯುವಂತೆ ಹೇಳಿಕೊಡಿ. ಪೂರ್ತಿ ಬೇಡವೆನ್ನುವುದಕ್ಕಿಂತ ಈ ಮಾತನ್ನು ಹದಿನೈದರ ಹುಡುಗ ಕೇಳುವ ಸಾಧ್ಯತೆ ಹೆಚ್ಚು.

ಅಡಿಕೆ ಮತ್ತು ತಂಬಾಕು

ಇದರ ಬಗ್ಗೆ ಸಡಿಲವಾಗಿ ಮಾತನಾಡಲು ನನ್ನಿಂದಾಗದು. ತಾಂಬೂಲ ನಮ್ಮ ಶುಭಕಾರ್ಯಗಳ ಭಾಗ, ಅಡಿಕೆ ಮಲೆನಾಡಿನ ಮತ್ತು ಕರಾವಳಿಯ ಎಷ್ಟೋ ಮನೆಗಳ ಅನ್ನ. ಹಾಗಿದ್ದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿರುವುದು ನಿಜ, ಮತ್ತು ಎಳೆಯ ಮಕ್ಕಳು ಅಡಿಕೆಯ ರುಚಿ ಹಿಡಿಯುವುದು ಅನೇಕ ವೇಳೆ ಮನೆಯ ಎಲೆ ಅಡಿಕೆ ಪೆಟ್ಟಿಗೆಯಿಂದಲೇ ಎಂಬುದೂ ನಿಜ. ಅಲ್ಲಿಂದ ಪಾನ್ ಮಸಾಲಾ, ಆಮೇಲೆ ಗೆಳೆಯರ ಒತ್ತಾಯಕ್ಕೆ ಗುಟ್ಕಾ. ಕರ್ನಾಟಕದಲ್ಲಿ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಸಿಗುತ್ತಿವೆ. ಹುಡುಗರು ಎರಡನ್ನೂ ಬೆರೆಸಿಕೊಳ್ಳುತ್ತಾರೆ.

ಹಿರಿಯರಿಗೆ ಅಭ್ಯಾಸ ಬಿಡಲು ಆಗದಿದ್ದರೆ ಮಕ್ಕಳ ಎದುರಿಗೆ ಹಾಕಿಕೊಳ್ಳಬಾರದು, ‘ಒಂದು ಚೂರು’ ಎಂದು ಮಕ್ಕಳಿಗೆ ಕೊಡಬಾರದು, ಅಂಗಡಿಯಿಂದ ತರಲು ಅವರನ್ನು ಕಳಿಸಬಾರದು. ಕಡ್ಡಿಪುಡಿ, ಹೊಗೆಸೊಪ್ಪು ತರಲು ಹೋದ ಮಗುವಿಗೆ ಅಂಗಡಿಯ ದಾರಿ ತಿಳಿದುಬಿಡುತ್ತದೆ. ಮಕ್ಕಳಲ್ಲಿ ಗಮನಿಸಬೇಕಾದ ಚಿಹ್ನೆಗಳು ಕೆಲವಿವೆ: ಸಾರಿನ ಖಾರಕ್ಕೂ ಬಾಯಿ ಉರಿಯುವುದು, ಕೆನ್ನೆಯ ಒಳಭಾಗ ಬಿಳಿಚಿ ಗಡುಸಾಗುವುದು, ಬಾಯಿ ತೆರೆಯುವುದು ಕಡಿಮೆಯಾಗುವುದು. ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇರಿಸಲು ಆಗದಿದ್ದರೆ ತಡಮಾಡದೆ ದಂತವೈದ್ಯರ ಬಳಿ ಕರೆದೊಯ್ಯಬೇಕು. ಬಾಯಿ ಬಿಗಿಯುವ ಈ ರೋಗ ಬಂದ ಮೇಲೆ ಅಡಿಕೆ ಬಿಟ್ಟರೂ ಬಾಯಿ ಪೂರ್ತಿ ಮೊದಲಿನಂತಾಗುವುದು ಕಷ್ಟ, ಮುಂದೆ ಕ್ಯಾನ್ಸರ್ ಆಗುವ ಅಪಾಯವೂ ಇದೆ.

ವಿಷಯ ತಿಳಿದ ದಿನ ಹೊಡೆದರೆ, ಬೈದರೆ ಮಗ ಅಭ್ಯಾಸವನ್ನು ಬಿಡುವುದಿಲ್ಲ, ಮುಚ್ಚಿಡುತ್ತಾನೆ. ಯಾರ ಜೊತೆ, ಯಾವ ಹೊತ್ತಿನಲ್ಲಿ ಬೇಕೆನಿಸುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ‘ವಸಡಿನ ಚಿಕಿತ್ಸೆ ನಡೆದಿದೆ, ಡಾಕ್ಟರು ಬೇಡ ಅಂದಿದ್ದಾರೆ’ ಎಂಬಂಥ ಒಂದು ಸಿದ್ಧ ಉತ್ತರ ಗೆಳೆಯರ ನಡುವೆ ಮರ್ಯಾದೆ ಉಳಿಸಿಕೊಂಡು ಹಿಂದೆ ಸರಿಯಲು ನೆರವಾಗುತ್ತದೆ. ತಂಬಾಕು ಬಿಡಲು ಸಹಾಯ ಮಾಡುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಶಿಕ್ಷಣ ಸಂಸ್ಥೆಗಳ 100 ಗಜದೊಳಗೆ ತಂಬಾಕು ಮಾರುವುದನ್ನು 2003ರ ತಂಬಾಕು ನಿಯಂತ್ರಣ ಕಾಯ್ದೆ ನಿಷೇಧಿಸಿದೆ; ವೈದ್ಯರ ಸಲಹೆಯಿಲ್ಲದೆ ಮಕ್ಕಳಿಗೆ ತಂಬಾಕು ಕೊಡುವವರಿಗೆ 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷಗಳವರೆಗೆ ಜೈಲು ಶಿಕ್ಷೆಯಾಗಬಹುದು. ಶಾಲೆಯ ಗೇಟಿನ ಎದುರಿನ ಅಂಗಡಿಯ ಬಗ್ಗೆ ಒಬ್ಬ ತಂದೆ ದೂರು ಕೊಡುವುದಕ್ಕಿಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಅಥವಾ ಪೋಷಕರ ಸಭೆಯ ಹೆಸರಿನಲ್ಲಿ ಕೊಡುವುದು ಪರಿಣಾಮಕಾರಿ.

ಹಲ್ಲಿನ ಅಂದದ ಬಗ್ಗೆ ಆಡುವ ಮಾತು

‘ಉಬ್ಬುಹಲ್ಲು’ ಎಂದು ಕರೆಸಿಕೊಂಡ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗಲು ಕಲಿಯುತ್ತಾಳೆ. ಇಂಥ ಅಡ್ಡಹೆಸರು ಶಾಲೆಯಲ್ಲಿ ಹುಟ್ಟುವುದಕ್ಕೆ ಮೊದಲು ಎಷ್ಟೋ ಸಲ ನೆಂಟರ ಬಾಯಲ್ಲಿ ಹುಟ್ಟಿರುತ್ತದೆ. ಅದನ್ನು ಅಲ್ಲಿಯೇ ತಡೆಯುವುದು ಹೆತ್ತವರ ಕೆಲಸ. ‘ಮದುವೆಯ ಹೊತ್ತಿಗೆ ಕ್ಲಿಪ್ ಹಾಕಿಸೋಣ’ ಎಂದು ಮುಂದೂಡುವುದೂ ಸರಿಯಲ್ಲ. ದವಡೆ ಇನ್ನೂ ಬೆಳೆಯುತ್ತಿರುವ 11ರಿಂದ 14ರ ವಯಸ್ಸಿನಲ್ಲಿ ಒಮ್ಮೆ ತೋರಿಸಿದರೆ, ಚಿಕಿತ್ಸೆ ಬೇಕೇ ಬೇಡವೇ ಎಂಬುದಾದರೂ ತಿಳಿಯುತ್ತದೆ. ಕ್ಲಿಪ್ ಹಾಕಿಸಿದರೆ ಚಕ್ಕುಲಿ, ನಿಪ್ಪಟ್ಟು, ಕಬ್ಬು ಇವುಗಳನ್ನು ಬಿಡಬೇಕು, ತಂತಿಯ ಸುತ್ತ ಸಣ್ಣ ಬ್ರಷ್ಷಿನಿಂದ ದಿನವೂ ಸ್ವಚ್ಛಗೊಳಿಸಬೇಕು.

ಮೊಬೈಲಿನಲ್ಲಿ ಬರುವ ಮನೆಮದ್ದಿನ ವಿಡಿಯೋಗಳನ್ನು ಮಕ್ಕಳ ಜೊತೆ ಕುಳಿತು ನೋಡಿ. ನಿಂಬೆರಸವೂ ಸೋಡಾಪುಡಿಯೂ ಬೆರೆಸಿ ಉಜ್ಜಿದರೆ ಹಲ್ಲು ಸವೆಯುತ್ತದೆ. ಹಲ್ಲಿನ ಸಂದು ಮುಚ್ಚಲು ರಬ್ಬರ್ ಬ್ಯಾಂಡ್ ಸುತ್ತಿಕೊಳ್ಳುವುದಂತೂ ಬಹಳ ಅಪಾಯ: ಅದು ವಸಡಿನೊಳಗೆ ಜಾರಿ ಬೇರಿನತ್ತ ಹೋಗಿ, ಸುತ್ತಲಿನ ಮೂಳೆಯನ್ನು ಹಾಳುಮಾಡಿ, ಗಟ್ಟಿ ಹಲ್ಲನ್ನೇ ಉದುರಿಸಬಲ್ಲದು.

ಪಾವಗಡ, ಮುಂಡರಗಿ, ಬಾಗೇಪಲ್ಲಿಯಂಥ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಬರುವ ಕಂದು ಕಲೆ ಕೊಳಕಲ್ಲ, ಉಜ್ಜಿದರೆ ಹೋಗುವುದೂ ಇಲ್ಲ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಎಳವೆಯಲ್ಲೇ ಅದು ಆಗಿಹೋಗಿರುತ್ತದೆ. ಅದನ್ನು ತಿಳಿಗೊಳಿಸುವ ಚಿಕಿತ್ಸೆಗಳಿವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರಿಗೆ ಶುದ್ಧ ನೀರಿನ ಘಟಕದ ನೀರನ್ನೇ ಕೊಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ವೈದ್ಯರ ಬಳಿ ಹೋಗುವಾಗ

ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ, ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿಗೆ ತೊಂದರೆಯಾಗುತ್ತದೆ ಎಂಬ ಮಾತುಗಳು ಮನೆಗಳಲ್ಲಿ ಈಗಲೂ ಕೇಳಿಬರುತ್ತವೆ. ಎರಡೂ ನಿಜವಲ್ಲ. ನೋವಿಗೆ ಲವಂಗದ ಎಣ್ಣೆ ಹಚ್ಚಿ ಸುಮ್ಮನಿದ್ದರೆ ಹುಳುಕು ಒಳಗೆ ಇಳಿಯುತ್ತಲೇ ಇರುತ್ತದೆ, ಚಿಕ್ಕ ಫಿಲ್ಲಿಂಗಿನಲ್ಲಿ ಮುಗಿಯುವುದು ರೂಟ್ ಕೆನಾಲ್‌ವರೆಗೆ ಹೋಗುತ್ತದೆ. ಖರ್ಚಿನ ಚಿಂತೆಯಿದ್ದರೆ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗವನ್ನೋ, ಬೆಂಗಳೂರು ಅಥವಾ ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜನ್ನೋ ವಿಚಾರಿಸಿ. ಸರ್ಕಾರಿ ಶಾಲೆಗಳಲ್ಲಿ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಹಲ್ಲನ್ನೂ ನೋಡುತ್ತದೆ; ಅವರು ಬರೆದುಕೊಟ್ಟ ಚೀಟಿಯನ್ನು ಮಕ್ಕಳ ಬ್ಯಾಗಿನಲ್ಲೇ ಉಳಿಯಗೊಡಬೇಡಿ.

ವೈದ್ಯರ ಎದುರು ಮಗುವಿನ ಪರವಾಗಿ ನೀವೇ ಉತ್ತರಿಸಬೇಡಿ, ಐದು ನಿಮಿಷ ಹೊರಗೆ ಕುಳಿತರೂ ಒಳ್ಳೆಯದು. ಅಡಿಕೆಯ ವಿಷಯ, ಬಾಯಿ ವಾಸನೆಯ ಚಿಂತೆ ಇವೆಲ್ಲ ಹೆತ್ತವರಿಲ್ಲದಾಗಲೇ ಹೊರಬರುವುದು. ಹೊಸದಾಗಿ ಬಂದ ದವಡೆ ಹಲ್ಲಿನ ಗೆರೆಗಳಿಗೆ ಸೀಲಂಟ್ (ಗೆರೆಗಳನ್ನು ಮುಚ್ಚುವ ತೆಳು ಲೇಪ) ಹಾಕಿಸುವುದು ಸೂಕ್ತವೇ ಎಂದು ಕೇಳಿ. ಹುಳುಕು ಹಿಡಿಯುವುದಕ್ಕೆ ಮೊದಲೇ ಮಾಡಬೇಕಾದ ಕೆಲಸವದು. ಹಾಸ್ಟೆಲಿನಲ್ಲಿರುವ ಮಕ್ಕಳನ್ನು ದಸರಾ ರಜೆಯಲ್ಲಿ ಒಮ್ಮೆ, ಬೇಸಿಗೆ ರಜೆಯಲ್ಲಿ ಒಮ್ಮೆ ತೋರಿಸಿದರೆ ಹೆಚ್ಚುಕಡಿಮೆ ಆರು ತಿಂಗಳಿಗೊಂದು ತಪಾಸಣೆಯಾದಂತಾಯಿತು. ರಜೆ ಮುಗಿಸಿ ಹೊರಡುವಾಗ ಟ್ರಂಕಿನಲ್ಲಿ ಒಂದು ಹೊಸ ಬ್ರಷ್ ಇಡಿ, ಮೂರು ತಿಂಗಳ ಮೇಲೆ ಬದಲಿಸಿಕೊಳ್ಳಲು ಇನ್ನೊಂದೂ ಇರಲಿ.