ಭಜನೆಯ ಲೂಪಿಗೆ ಡ್ರಮ್ಸ್ ಕೂಡಿಸುವ ಕ್ರಮ

ಧಾರವಾಡದ ಸುತ್ತಲಿನ ಯಾವುದಾದರೂ ಭಜನಾ ಮೇಳದ ಧ್ವನಿಮುದ್ರಣದಿಂದ ನಾಲ್ಕು ಆವರ್ತನ, ಅಂದರೆ ತಾಳದ ನಾಲ್ಕು ಪೂರ್ತಿ ಸುತ್ತು, ಕತ್ತರಿಸಿ ಮತ್ತೆ ಮತ್ತೆ ತಿರುಗುವ ಲೂಪು ಮಾಡಿಕೊಂಡು, ಅದರ ಕೆಳಗೆ ಹಿಪ್‌ಹಾಪ್ ಡ್ರಮ್ಸ್ ಇಡಲು ಹೊರಟ ಹೊಸಬರು ಮೊದಲು ಹುಡುಕುವುದು ಒಳ್ಳೆಯ ಕಿಕ್ (ತಗ್ಗು ದನಿಯ ದೊಡ್ಡ ಡ್ರಮ್) ಮತ್ತು ಸ್ನೇರ್ (ಚುರುಕು ದನಿಯ ಡ್ರಮ್) ಧ್ವನಿಗಳನ್ನು. ನನ್ನ ಅಭಿಪ್ರಾಯದಲ್ಲಿ ಆ ಹುಡುಕಾಟವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಡೋಲಕಿ, ಕೈತಾಳ, ಹಾರ್ಮೋನಿಯಂ, ಹಾಡುವವರ ಉಸಿರು ಎಲ್ಲವೂ ಕೂಡಿ ಆ ತುಣುಕಿನಲ್ಲಿ ಒಂದು ನಡೆ ಆಗಲೇ ಸಿದ್ಧವಾಗಿರುತ್ತದೆ. ನಾವು ಸೇರಿಸುವ ಡ್ರಮ್ಸ್ ಆ ನಡೆಗೆ ಒಳಪಟ್ಟಾಗ ಮಾತ್ರ ಎರಡೂ ಒಂದೇ ಮೇಳದವರು ನುಡಿಸಿದಂತೆ ಕೇಳಿಸುತ್ತವೆ.

ತುಣುಕನ್ನು ಆರಿಸುವಾಗ ಹಕ್ಕಿನ ವಿಚಾರವನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಶಿಶುನಾಳ ಶರೀಫರ ಪದಗಳು ಹತ್ತೊಂಬತ್ತನೆಯ ಶತಮಾನದವು, ಅವುಗಳ ಸಾಹಿತ್ಯಕ್ಕೆ ಈಗ ಯಾರ ಅನುಮತಿಯೂ ಬೇಕಿಲ್ಲ. ಆದರೆ ಅದೇ ಪದದ ಕ್ಯಾಸೆಟ್ ಅಥವಾ ಸಿ.ಡಿ.ಯ ಧ್ವನಿಮುದ್ರಣಕ್ಕೆ ಭಾರತದ ಕಾನೂನಿನಲ್ಲಿ ಪ್ರಕಟಣೆಯ ಮರುವರ್ಷದಿಂದ 60 ವರ್ಷಗಳ ಹಕ್ಕು ಪ್ರತ್ಯೇಕವಾಗಿ ಇರುತ್ತದೆ. ಊರಿನ ಮೇಳದವರನ್ನೇ ಕೇಳಿ, ಹಾಡನ್ನು ಯಾವುದಕ್ಕೆ ಬಳಸುತ್ತೀರೆಂದು ತಿಳಿಸಿ, ಅವರಿಗೆ ಸಲ್ಲಬೇಕಾದ ಹಣ ಸಲ್ಲಿಸಿ ನೀವೇ ಮುದ್ರಿಸಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ.

ಭಜನೆಯ ವೇಗ ಹಾಡು ಮುಂದುವರಿದಂತೆ ಏರುತ್ತದೆ ಎಂಬುದನ್ನು ಮರೆಯಬಾರದು. ಆದ್ದರಿಂದ ಪಲ್ಲವಿ ಒಂದೆರಡು ಸಲ ತಿರುಗಿ, ಲಯ ನೆಲೆಗೊಂಡ ಜಾಗದಿಂದ ತುಣುಕನ್ನು ತೆಗೆಯಿರಿ. ಆವರ್ತನದ ಮೊದಲ ಪೆಟ್ಟೇ ಸಮ; ಮೊದಲ ಸಮದಿಂದ ಐದನೆಯ ಸಮದವರೆಗಿನ ಕಾಲವನ್ನು ಅಳೆದರೆ ನಾಲ್ಕು ಆವರ್ತನಗಳ ಉದ್ದ ಸಿಗುತ್ತದೆ. ಹಾಡು ಕೆಹರವಾ ತಾಳದಲ್ಲಿದ್ದು, ಅದರ ಎಂಟು ಮಾತ್ರೆಗಳನ್ನು (ತಾಳದ ಎಣಿಕೆಗಳನ್ನು) ನಾಲ್ಕು ಬೀಟುಗಳ ಒಂದು ಬಾರ್ ಎಂದು ಲೆಕ್ಕ ಹಿಡಿದರೆ, ನಾಲ್ಕು ಆವರ್ತನಗಳಿಗೆ 16 ಬೀಟುಗಳಾಗುತ್ತವೆ. ಆ ಉದ್ದ 10.9 ಸೆಕೆಂಡ್ ಬಂದಿದೆ ಎಂದುಕೊಳ್ಳಿ. 16ನ್ನು 60ರಿಂದ ಗುಣಿಸಿ 10.9ರಿಂದ ಭಾಗಿಸಿದರೆ ಸುಮಾರು 88 ಬಿಪಿಎಂ, ಅಂದರೆ ನಿಮಿಷಕ್ಕೆ 88 ಬೀಟು. ಸಾಫ್ಟ್‌ವೇರ್ ತಾನಾಗಿಯೇ 176 ಅಥವಾ 44 ಎಂದು ತೋರಿಸಿದರೆ ಗಾಬರಿಯಾಗಬೇಕಿಲ್ಲ, ಅದು ಇದೇ ವೇಗದ ದುಪ್ಪಟ್ಟು ಅಥವಾ ಅರ್ಧ. ಅದರ ಊಹೆಗಿಂತ ನಿಮ್ಮ ಕೈಲೆಕ್ಕವನ್ನೇ ನಂಬಿ.

ಇನ್ನು ಗ್ರಿಡ್ಡಿಗೆ, ಅಂದರೆ ಸಾಫ್ಟ್‌ವೇರ್ ತೋರಿಸುವ ಬೀಟಿನ ಗೆರೆಗಳಿಗೆ, ಹೊಂದಿಸುವ ಕೆಲಸ. ಪ್ರತಿ ಆವರ್ತನದ ಸಮದ ಮೇಲೆ ಒಂದೊಂದು ವಾರ್ಪ್ ಗುರುತು (ಧ್ವನಿಯನ್ನು ಹಿಗ್ಗಿಸಿ ಕುಗ್ಗಿಸಲು ಹಿಡಿಯುವ ಬಿಂದು) ಹಾಕಿ, ಅದನ್ನು ಬಾರಿನ ಮೊದಲ ಗೆರೆಗೆ ತನ್ನಿ. ಅಷ್ಟಕ್ಕೇ ನಿಲ್ಲಿಸಿ. ನಡುವಿನ ಪ್ರತಿಯೊಂದು ಪೆಟ್ಟನ್ನೂ ಗೆರೆಗೆ ಎಳೆದು ತಂದರೆ ಡೋಲಕಿಯವರ ಕೈಯ ಗುಣವೇ ಅಳಿಸಿಹೋಗುತ್ತದೆ; ಆ ಗುಣಕ್ಕಾಗಿಯೇ ಅಲ್ಲವೇ ನಾವು ಈ ತುಣುಕನ್ನು ಆರಿಸಿಕೊಂಡದ್ದು?

ಈಗ ಕಿಕ್ ಎಲ್ಲಿ, ಸ್ನೇರ್ ಎಲ್ಲಿ ಎಂಬ ಪ್ರಶ್ನೆ. ಕೆಹರವಾದ ಠೇಕಾ (ನುಡಿಸುವ ಪೆಟ್ಟುಗಳ ಮೂಲ ಸಾಲು) "ಧಾ ಗೆ ನಾ ತಿ, ನಾ ಕ ಧಿ ನಾ". ಇದರಲ್ಲಿ ಎಡಗೈಯ ತುಂಬು ನಾದ ಒಂದು, ಎರಡು ಮತ್ತು ಏಳನೆಯ ಮಾತ್ರೆಗಳಲ್ಲಿದೆ. ಐದನೆಯ ಮಾತ್ರೆ ಖಾಲಿ, ಅಂದರೆ ಎಡಗೈಯ ತುಂಬು ನಾದವಿಲ್ಲದ ಹಗುರ ಜಾಗ. ರೂಢಿಯಂತೆ ಬಾರಿನ ಎರಡನೆಯ ಮತ್ತು ನಾಲ್ಕನೆಯ ಬೀಟಿಗೆ ಸ್ನೇರ್ ಇಟ್ಟರೆ ಅದು ಮೂರು ಮತ್ತು ಏಳನೆಯ ಮಾತ್ರೆಗಳ ಮೇಲೆ ಬೀಳುತ್ತದೆ, ಹಾಡು ಚುರುಕಾಗುತ್ತದೆ. ನನಗೆ ಇದಕ್ಕಿಂತ ಹಿಡಿಸುವುದು ಖಾಲಿಯ ಮೇಲೆ ಒಂದೇ ಸ್ನೇರ್ ಇಟ್ಟು, ಒಂದು ಮತ್ತು ಏಳರಲ್ಲಿ ಕಿಕ್ ಇಡುವ ಕ್ರಮ: ಡೋಲಕಿ ತಾನಾಗಿ ಬಿಟ್ಟುಕೊಟ್ಟ ಜಾಗದಲ್ಲಿ ಸ್ನೇರ್ ನಿಲ್ಲುತ್ತದೆ, ಏಳನೆಯ ಕಿಕ್ ಮುಂದಿನ ಸಮಕ್ಕೆ ಕೈಹಿಡಿದು ಕರೆದೊಯ್ಯುತ್ತದೆ. ಮೇಳದಿಂದ ಮೇಳಕ್ಕೆ ಠೇಕಾ ಬದಲಾಗುವುದರಿಂದ, ಎಡಗೈ ನಾದ ಎಲ್ಲೆಲ್ಲಿ ಬರುತ್ತದೆ ಎಂಬುದನ್ನು ಕಿವಿಯಿಂದ ಹಿಡಿದು ಬರೆದುಕೊಂಡ ಮೇಲೆಯೇ ಡ್ರಮ್ಸ್ ನುಡಿಸುವ ಪ್ಯಾಡ್ ಮುಟ್ಟಬೇಕು.

ಈ ಎಚ್ಚರ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ರೂಪಕ ತಾಳದಲ್ಲಿ. ಏಳು ಮಾತ್ರೆಗಳ ಹಿಂದುಸ್ತಾನಿ ರೂಪಕದ ಠೇಕಾ "ತೀ ತೀ ನಾ, ಧೀ ನಾ, ಧೀ ನಾ". ಇಲ್ಲಿ ಸಮವೇ ಖಾಲಿ. "ಒಂದಕ್ಕೆ ಕಿಕ್" ಎಂಬ ಅಭ್ಯಾಸದಿಂದ ಮೊದಲ ಮಾತ್ರೆಗೆ ಭಾರವಾದ ಕಿಕ್ ಇಟ್ಟರೆ, ತಬಲಾ ಮೇಲಕ್ಕೆ ಎತ್ತಿದ್ದನ್ನು ಡ್ರಮ್ಸ್ ಕೆಳಕ್ಕೆ ತುಳಿದಂತಾಗುತ್ತದೆ. ಪ್ರಾಜೆಕ್ಟನ್ನು 7/8ಕ್ಕೆ (ಬಾರಿಗೆ ಏಳು ಎಣಿಕೆ) ಬದಲಿಸಿ, ನಾಲ್ಕು ಮತ್ತು ಆರನೆಯ ಮಾತ್ರೆಗಳಿಗೆ ಕಿಕ್ ಕೊಟ್ಟು, ಸಮದಲ್ಲಿ ಹಗುರವಾದ ರಿಮ್ ಪೆಟ್ಟೊಂದನ್ನೋ ಸ್ನೇರನ್ನೋ ಇಟ್ಟು ನೋಡಿ. ಆರು ಮಾತ್ರೆಗಳ ದಾದ್ರಾ ಇಷ್ಟು ಕಷ್ಟ ಕೊಡುವುದಿಲ್ಲ: ಒಂದಕ್ಕೆ ಕಿಕ್, ನಾಲ್ಕಕ್ಕೆ ಸ್ನೇರ್.

ಸ್ವಿಂಗನ್ನೂ (ನಡುವಿನ ಪೆಟ್ಟು ತುಸು ತಡವಾಗಿ ಬರುವ ತೂಗಾಟ) ಅಂದಾಜಿನ ಮೇಲೆ ಹಾಕದೆ ಅಳೆದು ಹಾಕಬೇಕು. 1980ರಲ್ಲಿ ಬಂದ ರೋಜರ್ ಲಿನ್ ಅವರ ಎಲ್‌ಎಂ-1 ಡ್ರಮ್ ಯಂತ್ರದಿಂದ ಸ್ವಿಂಗನ್ನು ಶೇಕಡಾ ಲೆಕ್ಕದಲ್ಲಿ ಹೇಳುವ ವಾಡಿಕೆ ಬೆಳೆಯಿತು. 1988ರ ಎಂಪಿಸಿ-60 ಯಂತ್ರ ಅದನ್ನು ಹಿಪ್‌ಹಾಪಿನ ಮನೆಮಾತಾಗಿಸಿತು. 88 ಬಿಪಿಎಂನಲ್ಲಿ ಕೆಹರವಾದ ಒಂದು ಮಾತ್ರೆ ಸುಮಾರು 341 ಮಿಲಿಸೆಕೆಂಡ್. ಎರಡು ಮಾತ್ರೆಗಳ ನಡುವೆ ಬರುವ ಕೈತಾಳದ ಸಣ್ಣ ಪೆಟ್ಟು ಸರಿಯಾಗಿ ಅರ್ಧಕ್ಕೆ, ಅಂದರೆ 170ಕ್ಕೆ ಬಂದರೆ ಅದು ಶೇ. 50, ಸ್ವಿಂಗ್ ಇಲ್ಲ. 198ರ ಹತ್ತಿರ ಬಂದರೆ ಶೇ. 58. ತರಂಗಚಿತ್ರವನ್ನು ದೊಡ್ಡದು ಮಾಡಿ ಹಲವು ಜಾಗಗಳಲ್ಲಿ ಅಳೆದು, ಸರಾಸರಿಯನ್ನು ಹೈಹ್ಯಾಟಿಗೆ (ಡ್ರಮ್ಸಿನ ಜೋಡಿ ತಟ್ಟೆಗೆ) ಕೊಡಿ. ಹೈಹ್ಯಾಟಿನ ಎಲ್ಲ ಪೆಟ್ಟುಗಳಿಗೂ ಒಂದೇ ಬಲ ಕೊಡಬೇಡಿ; ಕೈತಾಳ ಹಿಡಿದವರ ಕೈ ಎಲ್ಲಿ ಮೆದುವಾಗುತ್ತದೋ ಅಲ್ಲಿ ಇದೂ ಮೆದುವಾಗಲಿ.

ಡೋಲಕಿಯ ಎಡಗೈ ಪೆಟ್ಟು ಮತ್ತು ನಮ್ಮ ಕಿಕ್ ಹತ್ತಿಪ್ಪತ್ತು ಮಿಲಿಸೆಕೆಂಡ್ ಅಂತರದಲ್ಲಿ ಬಂದರೆ ಒಂದೇ ಪೆಟ್ಟು ಒಡೆದು ಎರಡಾದಂತೆ ಕೇಳಿಸುತ್ತದೆ. ಇಂಥಲ್ಲಿ ಗ್ರಿಡ್ಡನ್ನು ಬದಿಗಿಟ್ಟು ಕಿಕ್ಕನ್ನೇ ಸರಿಸಿ ಡೋಲಕಿಯ ಪೆಟ್ಟಿನ ಮೊದಲ ಏರಿಗೆ ಕೂಡಿಸಿ. ಕೂಡಿಸಿದ ಮೇಲೂ ನಾದ ತೆಳುವಾದರೆ ಕಿಕ್ಕಿನ ಪೋಲಾರಿಟಿ (ತರಂಗದ ಮೇಲು-ಕೆಳಗು) ತಿರುಗಿಸಿ ನೋಡಿ. ಬಳಿಕ ಸ್ಯಾಂಪಲ್ಲಿಗೆ, ಅಂದರೆ ಭಜನೆಯ ತುಣುಕಿಗೆ, 100 ಹರ್ಟ್ಸ್ ಸುಮಾರಿಗೆ ತಗ್ಗು ನಾದ ಸೋಸುವ ಹೈಪಾಸ್ ಫಿಲ್ಟರ್ ಹಾಕಿದರೆ ಕೆಳಗಿನ ಜಾಗ ಕಿಕ್ಕಿಗೆ ಸಿಗುತ್ತದೆ. 120ಕ್ಕಿಂತ ಮೇಲೆ ಹೋದರೆ ಗಂಡಸರ ದನಿಯ ಮೈ ಕರಗತೊಡಗುತ್ತದೆ.

ಕಿಕ್ಕಿಗೂ ಶ್ರುತಿ ಇದೆ. ಹಾಡು ಕಾಳಿ ಒಂದರಲ್ಲಿದ್ದರೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಸಿ ಶಾರ್ಪ್) ಕೆಳಗಿನ ಷಡ್ಜಗಳು ಸುಮಾರು 69 ಮತ್ತು 35 ಹರ್ಟ್ಸ್. ಮೊದಲನೆಯದು ಕಿಕ್ಕಿಗೆ ತುಸು ಎತ್ತರ, ಎರಡನೆಯದು ಬಹುತೇಕ ಸ್ಪೀಕರುಗಳಿಗೆ ಎಟುಕದಷ್ಟು ಆಳ. ನಡುವಿನ ಪಂಚಮ 52 ಹರ್ಟ್ಸ್, ಕಿಕ್ಕಿಗೆ ಹೇಳಿ ಮಾಡಿಸಿದ ಜಾಗ. ಹಾರ್ಮೋನಿಯಂ ಷಡ್ಜ ಹಿಡಿದಿರುವಾಗ ಕೆಳಗೆ ಪಂಚಮದಲ್ಲಿ ಕಿಕ್ ಬಿದ್ದರೆ ತಂಬೂರಿಯೊಂದು ಜೊತೆಗಿದ್ದಷ್ಟು ನೆಮ್ಮದಿ ಸಿಗುತ್ತದೆ.

ಧ್ವನಿಗಳ ಆಯ್ಕೆಗೆ ಬಂದರೆ, ಹುಬ್ಬಳ್ಳಿಯಲ್ಲಿ ಹೋಳಿಯ ಹೊತ್ತಿಗೆ ಬಾರಿಸುವ ಜಗ್ಗಲಿಗೆಯ ಗುಡುಗು ಮತ್ತು ಹಲಗಿಯ ಚುರುಕು ಪೆಟ್ಟು ನಮ್ಮ ಕೈಗೆ ಎಟುಕುವಲ್ಲೇ ಇರುವಾಗ ಸಿದ್ಧ ಸಂಗ್ರಹಗಳಿಗಷ್ಟೇ ಜೋತುಬೀಳುವುದು ನಷ್ಟವೇ ಸರಿ. ಹಲಗಿಯನ್ನು ಬೆಂಕಿಗೆ ಕಾಯಿಸಿ ಚರ್ಮ ಬಿಗಿದ ಕೂಡಲೇ, ಗದ್ದಲವಿಲ್ಲದ ಕಡೆ ಒಂಟಿ ಪೆಟ್ಟುಗಳನ್ನು ಮುದ್ರಿಸಿಕೊಂಡರೆ ಒಳ್ಳೆಯ ಸ್ನೇರ್ ಆಗುತ್ತದೆ. ಜಗ್ಗಲಿಗೆಯ ಗುಂಗು ಉದ್ದ. ಅದರ ಬಾಲವನ್ನು ಮುಂದಿನ ಕಿಕ್ ಬರುವ ಮುಂಚೆ ಮುಗಿಯುವಂತೆ ಕತ್ತರಿಸಿ. ಸ್ಯಾಂಪಲ್ ಹಳೆಯ ಕ್ಯಾಸೆಟ್ಟಿನಷ್ಟು ಮಬ್ಬಾಗಿದ್ದು ಡ್ರಮ್ಸ್ ಮಾತ್ರ ಹೊಳೆಯುತ್ತಿದ್ದರೆ, ಡ್ರಮ್ಸಿನ ಮೇಲ್ಭಾಗವನ್ನು 10,000 ಹರ್ಟ್ಸಿನಿಂದಾಚೆ ಇಳಿಸಿ. 1987ರ ಎಸ್‌ಪಿ-1200 ಯಂತ್ರ 12 ಬಿಟ್, 26.04 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸುತ್ತಿದ್ದುದರಿಂದ ಅದರ ಡ್ರಮ್ಸ್ ಹಳೆಯ ರೆಕಾರ್ಡುಗಳೊಂದಿಗೆ ಸಹಜವಾಗಿ ಬೆರೆಯುತ್ತಿದ್ದವು.

ಕೊನೆಗೆ ಮೊಬೈಲಿನ ಸ್ಪೀಕರಿನಲ್ಲಿ ಕೇಳಿ. 52 ಹರ್ಟ್ಸಿನ ಕಿಕ್ ಅಲ್ಲಿ ಪೂರ್ತಿ ಮಾಯವಾಗಿರುತ್ತದೆ. ದನಿ ಏರಿಸಿದರೆ ಪ್ರಯೋಜನವಿಲ್ಲ. ಕಿಕ್ಕಿಗೆ ಸ್ವಲ್ಪ ಸ್ಯಾಚುರೇಶನ್ (ನಾದವನ್ನು ಹದವಾಗಿ ಒಡೆಸುವ ಪರಿಣಾಮ) ಕೊಟ್ಟರೆ 104, 156 ಹೀಗೆ ಅದರ ಮೇಲಿನ ಸ್ವರಾಂಶಗಳು ಹುಟ್ಟುತ್ತವೆ, ಅವು ಎಷ್ಟು ಮೇಲಕ್ಕೆ ಹರಡುತ್ತವೋ ಅಷ್ಟರಮಟ್ಟಿಗೆ ಸಣ್ಣ ಸ್ಪೀಕರಿನಲ್ಲೂ ಪೆಟ್ಟು ತಿಳಿಯುತ್ತದೆ.