ಡೈನೋಸಾರ್ ಕಾರ್ಟೂನು: ಕೂಸಿಗೆ ಹಚ್ಚಿಕೊಡುವ ಮೊದಲು ನೀವೊಮ್ಮೆ ನೋಡ್ರಿ

ಅಂಗನವಾಡಿ, ಎಲ್‌ಕೆಜಿ ವಯಸ್ಸಿನ ಕೂಸಿಗೆ ಯಾವ ಡೈನೋಸಾರ್ ಕಾರ್ಟೂನು ತಕ್ಕದ್ದು ಎಂಬುದು ಅದರ ಬಣ್ಣ, ಹಾಡುಗಳಿಂದ ತಿಳಿಯುವುದಿಲ್ಲ. ಕೂಸು ಮಲಗಿದ ಮೇಲೆ ಒಂದು ಪೂರ್ತಿ ಕಂತು ನೋಡಿ. ಮೊದಲ ಕಂತು ಬೇಡ, ಅದನ್ನು ಎಲ್ಲರೂ ಮುತುವರ್ಜಿಯಿಂದ ಮಾಡಿರುತ್ತಾರೆ. ನಡುವಿನದೊಂದನ್ನು ಆರಿಸಿ.

ಶುರುವಿಗೆ ದನಿ ಬಂದ್ ಮಾಡಿ 5 ನಿಮಿಷ ನೋಡಿ. ಯಾರಿಗೆ ಏನು ಬೇಕಾಗಿದೆ, ಅಡ್ಡಿ ಏನು ಬಂತು ಎಂಬುದು ಮಾತಿಲ್ಲದೆಯೂ ತಿಳಿದರೆ ಕಥೆ ಗಟ್ಟಿಯಾಗಿದೆ ಎಂದರ್ಥ. ನಮ್ಮ ಕಡೆ ಇದು ಮುಖ್ಯ. ಸಿಗುವ ಬಹುತೇಕ ಕಾರ್ಟೂನುಗಳು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿರುತ್ತವೆ, ಮನೆಯಲ್ಲಿ ಕನ್ನಡವಷ್ಟೇ ಕೇಳಿ ಬೆಳೆದ ಮೂರು ವರ್ಷದ ಕೂಸು ಅರ್ಧ ಕಥೆಯನ್ನು ಚಿತ್ರದಿಂದಲೇ ಹಿಡಿಯಬೇಕು.

ಅದೇ ಹೊತ್ತಿಗೆ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಚ್ಚಿ, 1 ನಿಮಿಷದಲ್ಲಿ ಜಾಗ ಎಷ್ಟು ಸಲ ಬದಲಾಯಿತು ಎಂದು ಬೆರಳು ಮಡಚಿ ಎಣಿಸಿ. ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಕ್ಯಾಮೆರಾ ಹೊರಳಿದ್ದು ಲೆಕ್ಕಕ್ಕಿಲ್ಲ. ಕಾಡಿನಿಂದ ನದಿಗೆ, ನದಿಯಿಂದ ಗವಿಗೆ ಹಾರಿದ್ದನ್ನು ಮಾತ್ರ ಹಿಡಿಯಿರಿ. 1 ಅಥವಾ 2 ಆದರೆ ಆರಾಮ, 5 ಮುಟ್ಟಿದರೆ ಬಿಟ್ಟುಬಿಡಿ. ಈ ಅಂಕಿ ಬಂದದ್ದು 2011ರ ಅಮೆರಿಕದ ಒಂದು ಪ್ರಯೋಗದಿಂದ. 4 ವರ್ಷದ 60 ಮಕ್ಕಳಲ್ಲಿ ಕೆಲವರಿಗೆ ಸರಾಸರಿ 11 ಸೆಕೆಂಡಿಗೊಮ್ಮೆ ದೃಶ್ಯ ಬದಲಾಗುವ ಕಾರ್ಟೂನು, ಕೆಲವರಿಗೆ 34 ಸೆಕೆಂಡಿಗೊಮ್ಮೆ ಬದಲಾಗುವ ನಿಧಾನದ ಕಾರ್ಯಕ್ರಮ ತೋರಿಸಿದರು, ಉಳಿದವರು ಚಿತ್ರ ಬರೆದರು. ಬರೇ 9 ನಿಮಿಷದ ನಂತರ, ತಾಳ್ಮೆ ಮತ್ತು ಗಮನ ಬೇಡುವ ಆಟಗಳಲ್ಲಿ ವೇಗದ ಕಾರ್ಟೂನು ನೋಡಿದವರು ಹಿಂದೆ ಬಿದ್ದರು. ಹಾಗಂತ ಎಣಿಕೆಯೊಂದನ್ನೇ ನೆಚ್ಚಿಕೊಳ್ಳಬೇಡಿ. ಅದೇ ಪ್ರಯೋಗದ ಮುಖ್ಯ ಸಂಶೋಧಕಿ 2015ರಲ್ಲಿ ಬೇರೆ ತಂಡದೊಂದಿಗೆ ಮತ್ತೆ ಪರೀಕ್ಷಿಸಿದಾಗ, ವೇಗಕ್ಕಿಂತ ಅಸಂಭವ ಘಟನೆಗಳ ಸುರಿಮಳೆಯೇ ಹೆಚ್ಚಿನ ಕಾರಣವಾಗಿ ಕಂಡಿತು. ಡೈನೋಸಾರ್ ಟೋಪಿ ಹಾಕಿಕೊಂಡು ಮಾತಾಡಿದರೆ ಅದು ಒಂದೇ ಸುಳ್ಳು, ಕೂಸು ಒಪ್ಪಿಕೊಂಡು ಮುಂದೆ ಹೋಗುತ್ತದೆ. ನಿಮಿಷಕ್ಕೊಮ್ಮೆ ಅದು ಕರಗಿ, ಉಬ್ಬಿ, ಟ್ರಕ್ಕಾಗಿ ಬದಲಾಗುತ್ತಿದ್ದರೆ ಅಂಥದ್ದು ಬೇಡ.

ಈಗ ದನಿ ಹಚ್ಚಿ. ಮಾತು ಸ್ಪಷ್ಟ ಕೇಳುವಷ್ಟು ಇಟ್ಟ ಮೇಲೆ, ಗರ್ಜನೆ ಬಂದಾಗ ನಿಮ್ಮ ಕೈ ರಿಮೋಟಿಗೆ ಓಡಿದರೆ ಆ ಕಾರ್ಟೂನು ಫೇಲು.

ಜಗಳ ಹೇಗೆ ಬಗೆಹರಿಯುತ್ತದೆ ನೋಡಿ. ಬುದ್ಧಿ ಓಡಿಸಿಯೋ, ಕೇಳಿ ತಿಳಿದುಕೊಂಡೋ, ಇಲ್ಲಾ ಬಾಲದಿಂದ ಬಾರಿಸಿಯೋ? ಇಡೀ ಕಂತು ಒಬ್ಬರನ್ನು ಕಾಡಿಸಿ ಕೊನೆಯ ನಿಮಿಷದಲ್ಲಿ ‘ಕಾಡಿಸಬಾರದು’ ಎಂದು ಪಾಠ ಹೇಳುವ ಕಾರ್ಟೂನುಗಳ ಬಗ್ಗೆ ಎಚ್ಚರ. ಈ ವಯಸ್ಸಿನ ಮಕ್ಕಳು ಕೊನೆಯ ಪಾಠವನ್ನು ಹಿಂದಿನ ಕಥೆಗೆ ಜೋಡಿಸುವುದು ಕಡಿಮೆ, ಕಾಡಿಸುವ ವರಸೆಯನ್ನು ಮಾತ್ರ ಚೆನ್ನಾಗಿ ಕಲಿಯುತ್ತಾರೆ.

ಇನ್ನು ವಿಜ್ಞಾನ. 2009ರಲ್ಲಿ ಅಮೆರಿಕದ ಪಿಬಿಎಸ್ ಕಿಡ್ಸ್ ವಾಹಿನಿಯಲ್ಲಿ ಶುರುವಾದ ‘ಡೈನೋಸಾರ್ ಟ್ರೇನ್’ ಕಾರ್ಟೂನು ಈ ವಿಷಯದಲ್ಲಿ ಒಳ್ಳೆಯ ಅಳತೆಗೋಲು. ಟೆರಾನೋಡಾನ್ ಎಂಬ ಹಾರುವ ಸರೀಸೃಪಗಳ ಮನೆಯಲ್ಲಿ ಬೆಳೆಯುವ ಟಿ-ರೆಕ್ಸ್ ಮರಿ ಬಡ್ಡಿ, ರೈಲು ಹತ್ತಿ ಕಾಲದ ಸುರಂಗ ದಾಟಿ ಟ್ರಯಾಸಿಕ್, ಜುರಾಸಿಕ್, ಕ್ರಿಟೇಶಿಯಸ್ ಯುಗಗಳಿಗೆ ಹೋಗುತ್ತಾನೆ. ಬೇರೆ ಬೇರೆ ಯುಗದ ಪ್ರಾಣಿಗಳು ಭೇಟಿಯಾಗಲು ಅಲ್ಲೊಂದು ಕಾರಣವಿದೆ. ಕಥೆಯ ಬೆನ್ನಿಗೆ ಪಳೆಯುಳಿಕೆ ತಜ್ಞ ಸ್ಕಾಟ್ ಸ್ಯಾಂಪ್ಸನ್ ಬಂದು ನಿಜವಾಗಿ ಗೊತ್ತಿರುವುದೇನು ಎಂದು ಹೇಳುತ್ತಾರೆ. ಕಥೆ ಒಂದು ಕಡೆ, ನಿಜ ಒಂದು ಕಡೆ. 2019ರ ‘ಜೈಗ್ಯಾಂಟೋಸಾರಸ್’ ಕಾರ್ಟೂನಿನಲ್ಲಿ ಹಾಗಿಲ್ಲ. ಅಲ್ಲಿ ಬ್ರಾಕಿಯೋಸಾರಸ್ ಬಿಲ್ ಮತ್ತು ಟ್ರೈಸೆರಟಾಪ್ಸ್ ಟೈನಿ ಜೀವದ ಗೆಳೆಯರು, ನಿಜದಲ್ಲಿ ಅವರಿಬ್ಬರ ನಡುವೆ 8 ಕೋಟಿ ವರ್ಷಕ್ಕೂ ಮೀರಿದ ಅಂತರ. ಗೆಳೆತನದ ಕಥೆಯಾಗಿ ನೋಡಲು ಅಡ್ಡಿಯಿಲ್ಲ, ಪಾಠ ಎಂದು ಹಚ್ಚಬೇಡಿ.

ಬೇಗ ಹಿಡಿಯಬಹುದಾದ ತಪ್ಪುಗಳು ಇವು: ಬಾಲ ನೆಲಕ್ಕೆ ಎಳೆಯುತ್ತಿರುವುದು, ಟೆರಾನೋಡಾನ್‌ನನ್ನು ಡೈನೋಸಾರ್ ಎನ್ನುವುದು (ಅದು ಹಾರುವ ಸರೀಸೃಪ), ವೆಲೋಸಿರ‍್ಯಾಪ್ಟರ್‌ಗೆ ಪುಕ್ಕ ಇಲ್ಲದಿರುವುದು. ಗಾತ್ರ ತೋರಿಸಬೇಕಾದರೆ ಕೂಸಿಗೆ ಮೀಟರ್ ಹೇಳಬೇಡಿ. ಟಿ-ರೆಕ್ಸ್ ಸುಮಾರು ಹುಬ್ಬಳ್ಳಿ-ಧಾರವಾಡದ ಒಂದು ಚಿಗರಿ ಬಸ್ಸಿನಷ್ಟು ಉದ್ದ ಇತ್ತು ಎನ್ನಿ, ಸಾಕು.

‘ನಮ್ಮೂರಾಗೂ ಇದ್ವೇನು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಧಾರವಾಡದ ಬಂಡೆಗಳಲ್ಲಿ, ಗದಗಿನ ಕಪ್ಪತಗುಡ್ಡದಲ್ಲಿ ಡೈನೋಸಾರ್ ಮೂಳೆ ಹುಡುಕಿ ಫಲವಿಲ್ಲ. ಆ ಕಲ್ಲುಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು, ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಭಾರತದ ಹೆಸರು ಬೇಕೆಂದರೆ ರಾಜಾಸಾರಸ್ ಇದೆ, ಗುಜರಾತಿನಲ್ಲಿ ಸಿಕ್ಕ ಮೂಳೆಗಳಿಗೆ 2003ರಲ್ಲಿ ಆ ಹೆಸರಿಟ್ಟರು.

ತೋರಿಸುವಾಗ ಜೊತೆಗೆ ಕೂಡಿ. ಒಂದು ಕಥೆಗೆ ಎರಡೇ ಸಲ ನಿಲ್ಲಿಸಿ, ‘ಯಾಕ ಅಳಾಕತ್ತಾನ?’, ‘ಮುಂದ ಏನ್ ಆಕ್ಕೈತಿ?’ ಎಂದು ಕೇಳಿ. ಮೂರನೇ ಸಲ ನಿಲ್ಲಿಸಿದರೆ ಸಿಟ್ಟಿಗೇಳುತ್ತಾರೆ. ಮರುದಿನ ಮುಂಜಾನೆ ಕಥೆ ಹೇಳಿಸಿ. ಯಾರು, ಏನು, ಆಮೇಲೆ ಏನಾಯಿತು ಎಂಬ ಮೂರು ಸಂಗತಿ ಬಂದರೆ ಕಾರ್ಟೂನು ಕೆಲಸ ಮಾಡಿದೆ. ಬರೇ ಗರ್ಜನೆ, ಕುಣಿತ ಬಂದರೆ ನಿಧಾನದ ಬೇರೊಂದನ್ನು ಹುಡುಕಿ.

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಹೇಳುವಂತೆ 2 ವರ್ಷದೊಳಗೆ ಪರದೆಯೇ ಬೇಡ, 2ರಿಂದ 5ರವರೆಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ‘ಡೈನೋಸಾರ್ ಟ್ರೇನ್’ನ ಒಂದು ಕಂತಿನಲ್ಲಿ 11 ನಿಮಿಷದ ಎರಡು ಕಥೆ ಇರುತ್ತವೆ, ದಿನಕ್ಕೆ ಅಷ್ಟು ಸಾಕು. ಕಥೆ ಮುಗಿದಾಗಲೇ ಬಂದ್ ಮಾಡಿ, ನಡುವೆ ಕಿತ್ತುಕೊಂಡರೆ ಅಳು ತಪ್ಪಿದ್ದಲ್ಲ. ತುತ್ತು ತಿನಿಸಲಿಕ್ಕೆ ಮೊಬೈಲ್ ಹಿಡಿಸುವುದು ನಮ್ಮ ಮನೆಗಳಲ್ಲಿ ಭಾಳ. ಹೊಟ್ಟೆ ತುಂಬಿದ್ದು ಕೂಸಿಗೂ ತಿಳಿಯುವುದಿಲ್ಲ, ಕಥೆಯೂ ತಲೆಗೆ ಹೋಗುವುದಿಲ್ಲ.

ಯೂಟ್ಯೂಬಿನಲ್ಲಾದರೆ ಆಟೋಪ್ಲೇ ಮೊದಲು ಬಂದ್ ಮಾಡಿ. ‘ಡೈನೋಸಾರ್ ಫೈಟ್’, ‘ಸರ್‌ಪ್ರೈಸ್ ಎಗ್’ ಎಂಬ ತಾಸುಗಟ್ಟಲೆಯ ವಿಡಿಯೋಗಳಿಗೆ ಕಥೆ ಇರುವುದಿಲ್ಲ, ಮಾಡಿದವರ ಹೆಸರೂ ಇರುವುದಿಲ್ಲ. ಯೂಟ್ಯೂಬ್ ಕಿಡ್ಸ್‌ನಲ್ಲಿ ನೀವು ಒಪ್ಪಿದ್ದನ್ನಷ್ಟೇ ತೋರಿಸುವ ಸೆಟ್ಟಿಂಗ್ ಇದೆ, ಅದನ್ನು ಹಾಕಿದರೆ ಹುಡುಕಾಟವೂ ಬಂದ್ ಆಗುತ್ತದೆ. ಈಗಾಗಲೇ ಅಂಥದ್ದಕ್ಕೆ ಅಂಟಿಕೊಂಡ ಕೂಸಿನಿಂದ ಒಮ್ಮೆಲೇ ಕಸಿಯಬೇಡಿ. ಮೊದಲು ಒಳ್ಳೆಯ ಒಂದು ಕಥೆ, ಆಮೇಲೆ ಆ ಹಳೆಯ ವಿಡಿಯೋದ್ದು 5 ನಿಮಿಷ. ದಿನಕ್ಕೆ 1 ನಿಮಿಷದಂತೆ ಇಳಿಸುತ್ತ ಬನ್ನಿ, ವಾರದೊಳಗೆ ಅದನ್ನು ಪಟ್ಟಿಯಿಂದ ತೆಗೆಯಬಹುದು.